ಖಳನಿಗೊಂದು ಬಾಲ್ಯ

ನಿನಗೊಂದು ಬಾಲ್ಯ ಬೇಕಂತೆ, ಓರ್ಗತ್.
ಎಂಬತ್ತು ಸಾವಿರ ಪದಗಳ ಬಾಲ್ಯ, ಮಾರ್ಚ್ ಮುಗಿಯುವುದರೊಳಗೆ.
ಲಂಡನ್ನಿನಿಂದ ಫರ್ಗಸ್ ಹೇಳಿದ:
ಗಾಯವಿರಲಿ, ನೆರಿಸ್, ಒಳ್ಳೆಯ ಆಳದ ಗಾಯ;
ಓದಿದವರು ಮರುಗಬೇಕು,
ಮರುಗಿದ್ದಕ್ಕೆ ನಾಚಬೇಕು.
ಮುಂಗಡ ಬಂತು. ಸೋರುವ ಚಾವಣಿಗೆ ಹೋಯಿತು.

ಹದಿನಾಲ್ಕು ಸೂರ್ಯರನ್ನು ಆರಿಸಿದವನು ನೀನು.
ಶನಿವಾರ ಸಂಜೆ ಆರಕ್ಕೆ, ನಮ್ಮ ಸ್ವಾನ್ಸೀಯ ಮನೆಯ
ಬಾಡಿಗೆ ಟಿವಿಯಲ್ಲಿ, ತಗಡಿನ ಕೈ ಎತ್ತಿ
‘ಸಾಕು, ಬೆಳಕೇ’ ಅನ್ನುತ್ತಿದ್ದೆ;
ಒಂದು ಲೋಕವೇ ಕಣ್ಣು ಮುಚ್ಚುತ್ತಿತ್ತು.
ತಗಡಿನ ಸಂದಿಯಲ್ಲಿ ಒಮ್ಮೆ ನಟನ ಕೈಗಡಿಯಾರ ಹೊಳೆದದ್ದನ್ನು
ನಾನು ಕಣ್ಣಾರೆ ಕಂಡೆ. ಹೇಳಿದರೆ ತಮ್ಮ ಒಪ್ಪಲಿಲ್ಲ.
ಯಾಕೆ ಆರಿಸುತ್ತಾನೆ ಅಂತ ಆಗ ಯಾರೂ ಕೇಳುತ್ತಿರಲಿಲ್ಲ.
ಹಾವಿಗೆ ವಿಷ ಎರೆದವರಾರು ಅಂತ ಕೇಳುತ್ತೇವೆಯೆ?

ಮೊದಲು ನಿನ್ನ ತಾಯಿಯನ್ನು ಕೊಂದೆ.
ಮೂರು ಸಲ ಕೊಂದೆ: ಜ್ವರದಲ್ಲಿ, ಬೆಂಕಿಯಲ್ಲಿ, ಉಲ್ಕೆ ಬೀಳಿಸಿ.
ಮೂರು ಸಲವೂ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಎದ್ದು ಬಂದಳು:
‘ನನ್ನ ತಲೆಗೆ ಕಟ್ಟಬೇಡ ಕಣೆ.’
ಅಪ್ಪನಿಗೆ ಕುಡಿಸಿ ನೋಡಿದೆ.
ಹಾಡಿದ, ಬೂಟು ಕಳಚದೆ ಮಲಗಿದ,
ಕೈ ಮಾತ್ರ ಎತ್ತಲಿಲ್ಲ, ಪುಣ್ಯಾತ್ಮ.
ಅನಾಥಾಲಯ, ಯುದ್ಧ, ಸತ್ತ ನಾಯಿಮರಿ
ಎಲ್ಲ ತೊಡಿಸಿ ನೋಡಿದೆ. ಎರವಲು ಕೋಟಿನ ಹಾಗೆ
ಯಾವುದೂ ನಿನ್ನ ಹೆಗಲಿಗೆ ಕೂರಲಿಲ್ಲ.

ಫೆಬ್ರವರಿ. ಸಮುದ್ರದ ಕಡೆಯಿಂದ ಅಡ್ಡಮಳೆ.
ಬಾಗಿಲ ಸೀಳಿನಿಂದ ಕರೆಂಟಿನ ಬಿಲ್ಲು ಒಳಗೆ ಬಿತ್ತು.
ಬಗ್ಗಿ ಎತ್ತಿಕೊಳ್ಳುವಾಗ ಆ ಹಳೆಯ ಮೀಟರು ಕಂಡಂತಾಯಿತು,
ಮೆಟ್ಟಿಲ ಕೆಳಗೆ, ನಾಣ್ಯ ನುಂಗುವ ಬಾಯಿ,
ಅದರ ಮುಂದೆ ಸ್ಟೂಲು ಹತ್ತಿ ನಿಂತ ಎಮ್ರಿಸ್, ಏಳು ವರ್ಷ.
ಕೋಣೆಯಿಂದ ಕೋಣೆಗೆ ಹೋಗಿ ದೀಪ ಆರಿಸುವ ಕೆಲಸ ಅವನದು.
ಆರಿಸಿದಾಗಲೆಲ್ಲ ಅಮ್ಮ ತಲೆ ನೇವರಿಸುವಳು:
‘ನನ್ನ ಜಾಣ. ನೀನಿಲ್ಲದಿದ್ದರೆ ಈ ಮನೆ ಏನಾಗುತ್ತಿತ್ತು!’
ಒಂದು ರಾತ್ರಿ ನಾನು ಸ್ನಾನದ ತೊಟ್ಟಿಯಲ್ಲಿರುವಾಗಲೇ ಆರಿಸಿದ.
ಚೀರಿದೆ.
ಕೆಳಗೆ ಅಮ್ಮ ನಕ್ಕಳು.
ಕತ್ತಲಲ್ಲಿ, ಬಾಗಿಲಾಚೆ, ಅವನ ಉಸಿರು.
ಕೇಡಿನದಲ್ಲ ಅದು. ಬಹುಮಾನಕ್ಕೆ ಕಾದವನದು.

ಮೊದಲನೇ ಅಧ್ಯಾಯ ಅಷ್ಟೇ, ಓರ್ಗತ್:
ಬಡ ಚಂದ್ರನೊಂದರ ಮೇಲೆ ಒಂದು ಗುಡಿಸಲು, ಒಂದೇ ದೀಪ,
ಆರಿಸಿದ ಕೈ, ತಲೆಯ ಮೇಲೆ ಇಳಿದ ಇನ್ನೊಂದು ಕೈ.
‘ಗಾಯ ಎಲ್ಲಿ?’ ಎಂದ ಫರ್ಗಸ್.
ಆರನೇ ಅಧ್ಯಾಯದಲ್ಲಿ ಒಂದು ನಗರ ಸುಟ್ಟುಕೊಟ್ಟೆ; ಸುಮ್ಮನಾದ.

ಎಮ್ರಿಸ್ ಈಗ ಕೌನ್ಸಿಲಿನಲ್ಲಿ ದೊಡ್ಡ ಲೆಕ್ಕಿಗ.
ಹೋದ ವರ್ಷ ಮೂರು ಗ್ರಂಥಾಲಯ, ಒಂದು ಈಜುಕೊಳ,
ಮುದುಕರು ಹಗಲು ಕಳೆಯುತ್ತಿದ್ದ ಆ ಹಸಿರು ಬಾಗಿಲ ಮನೆ,
ಒಂದೊಂದಕ್ಕೂ ಒಂದೊಂದು ಸಹಿ.
ಕೆಟ್ಟವನಲ್ಲ. ಪ್ರತಿ ಕ್ರಿಸ್‌ಮಸ್ಸಿಗೂ
ಉಣ್ಣೆಯ ಕಾಲುಚೀಲ ಕಳಿಸುತ್ತಾನೆ, ನನ್ನ ಅಳತೆ ತಪ್ಪದೆ.

ಪುಸ್ತಕ ಓದಿ ನಿನ್ನೆ ರಾತ್ರಿ ಫೋನು ಮಾಡಿದ:
‘ಆ ಸುಡುವುದು ಗಿಡುವುದು ನನಗೆ ಹಿಡಿಸಲಿಲ್ಲ,
ಮೊದಲಿನ ಹುಡುಗ ಮಾತ್ರ ಇಷ್ಟವಾದ.
ಅಲ್ಲ ನೆರಿಸ್, ಅವನು ಮಾಡಿದ್ದರಲ್ಲಿ ತಪ್ಪೇನಿದೆ?’
ಮಾತಾಡುತ್ತಲೇ ಕೋಣೆಗಳನ್ನು ದಾಟುತ್ತಿದ್ದನೆಂದು ಕಾಣುತ್ತದೆ,
ಟಕ್.
ಹೆಜ್ಜೆ.
ಟಕ್.