ಬತ್ತಾಸಿನ ಎಡಗಿವಿ

ಮಂಡಿ ಮೊಹಲ್ಲಾದ ಆ ಓಣಿಗೆ ಹೊಕ್ಕರೆ
ಮೊದಲು ಮೂಗಿಗೆ ಸಿಗುವುದು ಬೀಟೆಯ ಹೊಟ್ಟು,
ಆಮೇಲೆ ಸರೇಸು, ಆಮೇಲೆ ಚಾ.
ಕೊನೆಗೆ ಅತಾವುಲ್ಲಾ ಸಾಹೇಬರು,
ನೆಲಕ್ಕೆ ಕೂತು, ಹಲಸಿನ ಚೂರೊಂದನ್ನು
ಆನೆಯ ಕಣ್ಣಾಗಿ ಹಲಗೆಗೆ ಕೂರಿಸುತ್ತ.
ಸಂದಿನ ಮೇಲೆ ಉಗುರಾಡಿಸಿ ನೋಡುತ್ತಾರೆ.
ತಡೆಯಿತೋ, ಕಿತ್ತು ಮತ್ತೆ ಮೊದಲಿಂದ.

ಇಂಥವರಿಗೆ ಕಾಲು ಮಾಡಿಕೊಡುವುದು ನನ್ನ ಕೆಲಸ.
ಪ್ಲಾಸ್ಟರು ಕಲಸಿ ಮೋಟಿಗೆ ಸುತ್ತಿ
ಅಚ್ಚು ತೆಗೆಯುತ್ತ ಹದಿನಾಲ್ಕು ವರ್ಷ.
ನನ್ನ ಯಾವ ಬಟ್ಟಲನ್ನೂ ಅವರು ಪೂರ್ತಿ ಒಪ್ಪಿಲ್ಲ.
"ಸಂದು ಗೊತ್ತಾಗ್ತದೆ ದಾಕ್ಷಾಯಿಣಿ ಮೇಡಂ,
ಒಳಗೆಲ್ಲೋ ಉಗುರು ತಡೀತದೆ."

ಸಕ್ಕರೆ ಅವರ ಬಲಗಾಲನ್ನು ಕಿರುಬೆರಳಿಂದ ಶುರುಮಾಡಿ
ಮೊಣಕಾಲಿನ ಗೇಣು ಕೆಳಗಿನವರೆಗೆ ತಿಂದಿತ್ತು.
ಆದರೂ ನಾಯಿಗೆ ಬತ್ತಾಸು ಅಂತಲೇ ಹೆಸರು.
"ತಿನ್ನೋಕೆ ಬಿಡಲ್ಲ, ಕೂಗೋಕೂ ಬೇಡ್ವಾ?"

ಮಾರುಕಟ್ಟೆಯ ಹಿಂದೆ ಕೋಸಿನ ಟೆಂಪೋ
ರಿವರ್ಸ್ ಬರುವಾಗ ಹೋದದ್ದು ಅದರ ಎಡ ಹಿಂಗಾಲು.
ದುಃಖವೇನೂ ಇರಲಿಲ್ಲ.
ಮೂರರಲ್ಲೇ ಓಡುತ್ತಿತ್ತು,
ಮಟನ್ ಅಂಗಡಿ ಮುಂದೆ ಸರದಿ ಹಿಡಿಯುತ್ತಿತ್ತು.
ಒಂದೇ ತಾಪತ್ರಯ: ಎಡಗಿವಿ ತುರಿಸಿದರೆ
ತಲೆ ವಾಲಿಸಿ, ಕಣ್ಣು ಅರೆಮುಚ್ಚಿ,
ಇಲ್ಲದ ಕಾಲಲ್ಲಿ ಕೆರೆದುಕೊಳ್ಳುತ್ತಿತ್ತು.
ಮೋಟು ಗಾಳಿಯಲ್ಲಿ ಪಟಪಟ ಪಟಪಟ,
ಕಿವಿಗೆ ಇನ್ನೂ ಒಂದು ಗೇಣು ದೂರ.
ಆಗ ಸಾಹೇಬರು ಅರ ಕೆಳಗಿಟ್ಟು
ಕೈಚಾಚಿ ಆ ಕಿವಿ ಕೆರೆಯುವರು,
ಮೋಟು ನಿಲ್ಲುವವರೆಗೆ.
ನಾಯಿ ಅದನ್ನು ತನ್ನದೇ ಕಾಲು ಅಂದುಕೊಂಡಿತ್ತು.

ದೇಚಮ್ಮ ಡಾಕ್ಟರು ಎಕ್ಸ್‌ರೇ ಕಿಟಕಿಗೆ ಹಿಡಿದರು.
ಬಟ್ಟಲು ಬೇಡ, ಪಟ್ಟಿ ಬೇಡ,
ಮೂಳೆಯ ಒಳಕ್ಕೇ ಟೈಟಾನಿಯಂ ಕಡ್ಡಿ;
ಚರ್ಮ ದಾಟಿ ಹೊರಗೊಂದು ಮೊಳಕೆ,
ಅದಕ್ಕೆ ಪಾದ ತಿರುಚಿ ಕೂರಿಸುವುದು.
ಮೂಳೆಯದೇನಿಲ್ಲ, ಲೋಹವನ್ನು ತಬ್ಬಿಕೊಂಡೀತು.
ತಕರಾರು ಚರ್ಮದ್ದು. ಮುಚ್ಚುವುದೊಂದೇ ಅದು ಕಲಿತ ವಿದ್ಯೆ,
ಬಾಗಿಲು ತೆರೆದಿಡು ಅಂದರೆ ಹೇಗೆ ಕೇಳೀತು?
"ಜಿಂಕೆ ಕೊಂಬು ನೋಡಿ, ಚರ್ಮ ಸೀಳಿ ಬರುತ್ತೆ,
ಕೀವು ಕಟ್ಟಲ್ಲ," ಅಂದರು.
ಸಾಹೇಬರು ಬಾಯಿ ತೆರೆದು
ಉಳಿದ ಎರಡು ಹಲ್ಲು ತೋರಿಸಿದರು:
"ಜಿಂಕೆ ಯಾಕೆ ಡಾಕ್ಟ್ರೆ?"

"ಹಂಗಾದ್ರೆ ನನಗೂ...?"
ಇದು ಆಮೇಲೆ ಕೇಳಿದ್ದು, ನನ್ನೊಬ್ಬಳನ್ನೇ,
ಲುಂಗಿಯ ಹೊಟ್ಟು ಝಾಡಿಸುತ್ತ.
ಸಕ್ಕರೆ ಇರೋರ ಚರ್ಮ ಆ ಬಾಗಿಲು ಕಾಯಲಾರದು ಸಾಹೇಬ್ರೆ.
"ಸರಿ," ಅಂದರು.
ಎರಡನೇ ಆನೆಗೆ ಕಣ್ಣು ಕೂರಿಸಿದರು.

ಪಾದ ಮಾಡಿದ್ದು ನಾನು. ಅಂಗಾಲಿಗೆ ಸ್ಕೂಟರಿನ ಟೈರು,
ಮೇಲೆ ಬೀಟೆಯ ಹೊದಿಕೆ.
ಅದರ ಒಳಬದಿಗೆ, ಯಾರಿಗೂ ಕಾಣದಲ್ಲಿ,
ಅಕ್ಕಿಕಾಳಷ್ಟು ಹಳದಿ ಎಲೆಯೊಂದನ್ನು
ಅವರು ಕೂರಿಸಿ ಕೊಟ್ಟರು.
ಉಗುರಾಡಿಸಿದೆ. ಎಲ್ಲೂ ತಡೆಯಲಿಲ್ಲ.

ಮೂರು ತಿಂಗಳಿಗೆ ಬತ್ತಾಸು ಕರೆಂಟು ಕಂಬದ ಬುಡದಲ್ಲಿ
ಆ ದುಬಾರಿ ಕಾಲನ್ನೇ ಎತ್ತಿತು.
ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು.

ಒಂದು ಮಧ್ಯಾಹ್ನ ಕಿವಿ ತುರಿಸಿತು.
ತಲೆ ವಾಲಿತು, ಕಣ್ಣು ಅರೆಮುಚ್ಚಿತು,
ಕಾಲು ಕಿವಿಗೆ ಮುಟ್ಟಿತು, ಕರಕರ ಕರಕರ.
ಸಾಹೇಬರ ಕೈ ಅರ್ಧ ಚಾಚಿತ್ತು.
ಗಾಳಿಯಲ್ಲೇ ಸ್ವಲ್ಪ ಹೊತ್ತು ಆಡಿತು,
ಆಮೇಲೆ ಅರ ತಡಕಿ ಎತ್ತಿಕೊಂಡಿತು.

ಅವರ ಬಟ್ಟಲಿನ ಅಂಚನ್ನು
ಇನ್ನೊಂದು ನೂಲು ಉಜ್ಜಲೆಂದು ಬಿಚ್ಚಿ ತೆಗೆದೆ.
"ಹೆಬ್ಬೆಟ್ಟು ತುರಿಸ್ತಾ ಇದೆ ಮೇಡಂ. ಇಲ್ಲದ್ದು.
ನಗಬೇಡಿ."
ಎಲ್ಲಿ, ಅಂದೆ.
ಮೋಟಿನಿಂದ ಒಂದೂವರೆ ಗೇಣು ಆಚೆ
ಬರೀ ಸಿಮೆಂಟು ನೆಲ ತೋರಿಸಿದರು.
ಓಣಿಯ ಕಡೆ ಒಮ್ಮೆ ನೋಡಿ
ಕೂತೆ. ಉಗುರಿಂದ ಕೆರೆದೆ.
"ಎಡಕ್ಕೆ," ಅಂದರು ಕಣ್ಣು ಮುಚ್ಚಿ,
"ಇನ್ನೂ ಸ್ವಲ್ಪ ಎಡಕ್ಕೆ."