ಒಂಬತ್ತು ಸೆಕೆಂಡು

ನೀವು ನನ್ನ ನೋಡೀರಿ.
ನಿಮ್ಮ ಫೋನಿನಾಗ ಅದೀನಿ, ಹುಡುಕ್ರಿ:
ತಲಿ ಮ್ಯಾಲ ಹರದ ಝಾಲರಿ,
ಎರಡೂ ಕೈಯಾಗ ಬಿದಿರಿನ ಗಳಾ,
ಹಿಂದ ಇಡೀ ಪೆಂಡಾಲು ಬೋರಲ ಬಿದ್ದೇತಿ,
ಮುಂದ ನಾನು, ನೀಲಕಂಠಸಾ ಜಿತೂರಿ,
ಹಲ್ಲು ಕಿಸದು ಹೇಳಾಕತ್ತೇನಿ:
‘ಏನೂ ಆಗಿಲ್ರಿ, ಊಟಾ ಮಾಡ್ರಿ.’

ಗೋಕುಲ ರೋಡಿನ ಬಯಲು, ಮದುವಿ, ಏಪ್ರಿಲ್ ತಿಂಗಳ ಗಾಳಿ.
ಯಾರ ಪೈಕಿ ಹುಡುಗನೋ, ಹಿಡದಾನ ಒಂಬತ್ತು ಸೆಕೆಂಡು.
ಮರುದಿನಾ ಮುಂಜಾನಿ ಚಹಾದಂಗಡ್ಯಾಗ
ನನ್ನ ಮಾರಿ ನನಗಿಂತ ಮೊದಲ ಬಂದು ಕುಂತಿತ್ತು.

ಅವತ್ತಿನಿಂದ ಹುಬ್ಬಳ್ಳ್ಯಾಗ
ಯಾರ ಮನಿ ಮುಳುಗಿದ್ರೂ ಮೊದಲ ಹೋಗಾಂವ ನಾನ.
ಗಣಿತದಾಗ ಹನ್ನೊಂದು ಬಂದ್ರ ನಾನು.
ಉಣಕಲ್ಲ ನಾಲಾ ರಸ್ತೇಕ ಹರದು
ಚಿಗರಿ ಬಸ್ಸು ದೋಣಿ ಆದ್ರ ನಾನು.
ನಿಶ್ಚಯ ಮುರದ ಹುಡುಗ ಸ್ಟೇಟಸ್ ಇಟ್ರ ನಾನು,
ಕೆಳಗ ಮೂರು ತಲಿಬುರುಡಿ, ಒಂದು ಮೆಣಸಿನಕಾಯಿ.

ಮೊದಲ ನಮ್ಮ ಓಣ್ಯಾಗ ಇಂಥಾದಕ್ಕ
‘ಗಾಡಿ ಹಳಿ ಬಿಡ್ತು’ ಅಂತಿದ್ರು, ‘ಹೊಗಿ ಹತ್ತಿತು’ ಅಂತಿದ್ರು.
ಈಗ ‘ಪೆಂಡಾಲ್ ಆತು’.
‘ಹೆಂಗಾತಲೇ ಇಂಟರ್‌ವ್ಯೂ?’
‘ಫುಲ್ ಪೆಂಡಾಲ್.’
ಕೊಪ್ಪೀಕರ ರೋಡಿನಾಗ ಒಬ್ಬಾಕಿ ಹುಡುಗಿ,
ಮಗ್ಗಲಕ ನಿಂತಾಂವ ನಾನ ಅಂತ ಗೊತ್ತಿಲ್ಲದ,
ಗೆಳತಿಗೆ ಅಂದ್ಲು: ‘ನನ್ನ ಲೈಫ್ ಪೂರಾ ಜಿತೂರಿ.’

ನಮ್ಮಪ್ಪನ ಅಡ್ಡಹೆಸರು.
ದುರ್ಗದಬೈಲಿನಾಗ ನಲವತ್ತು ವರ್ಷ
ಆ ಹೆಸರಿನ ಮ್ಯಾಲ ಉದ್ರಿ ಸಿಗತಿತ್ತು.

ಸಿಟ್ಟು ಬಂತು, ಖರೇ.
ಆ ಒಂಬತ್ತು ಸೆಕೆಂಡಿನಾಗ ಏನಿಲ್ಲ, ಹೇಳ್ಲೇನು?
ಎಡಕ್ಕ, ಎರಡು ಮಾರು ದೂರ, ಜಿಲೇಬಿ ಬಾಣಲಿ.
ಕುದಿ ಎಣ್ಣಿ.
ಅದರ ಬಾಜೂಕ ಅಡಗಿ ಮಾಡೂ ಶಿವಪುತ್ರನ ಎರಡು ಸಣ್ಣ ಹುಡುಗರು
ಮೈದಾ ಚೀಲದ ಮ್ಯಾಲ ಮಲಗಿದ್ವು.
ಗಳಾ ಬಿಟ್ಟಿದ್ರ ಬೀಳೂದು ಅಲ್ಲೇ ಇತ್ತು.
ಅಂಗೈ ಸಿಗದು ರಗತ ಮೊಳಕೈಗೆ ಇಳೀತಿತ್ತು,
ಹಲ್ಲು ಕಡದಿದ್ದೆ,
ಫೋನಿನಾಗ ಅದು ನಗಿ ಕಂಡೇತಿ.
ಮಂದಿ ಗಾಬರ್ಯಾಗಿ ಬಾಣಲಿ ಕಡೆ ಓಡಬಾರದು ಅಂತ
ಬಾಯಿಗೆ ಬಂದದ್ದು ಒದರಿದೆ.
ಪೆಂಡಾಲದಾಂವನ ಬಾಯಾಗ
ಊಟದ ಮಾತು ಬಿಟ್ಟು ಮತ್ತೇನ್ ಬರ್ತೈತಿ?

ಒಬ್ಬಂವಗ ಹೇಳಿದೆ, ಅಳಿಯಗ.
ಅಂವ ತೆಲಿ ಕೆರಕೊಂಡು ಅಂದ:
‘ಮಾಮಾ, ಬಾಣಲಿ ಬಂದಿದ್ರ ಯಾರೂ ನಗತಿದ್ದಿಲ್ಲಲ್ಲ.’
ಅದೂ ಬರೋಬ್ಬರಿ.
ನಾ ಸುಮ್ಮನ ಅಂಗಡಿಗೆ ಹೋಗಿ
ಝಾಲರಿಗೆ ತ್ಯಾಪಿ ಹಚ್ಚಿದೆ.

ಶ್ರಾವಣದಾಗ ಅಂಬೂನ್ನ ಕಿಮ್ಸಿಗೆ ಸೇರಿಸಿದೆ.
ಡಾಕ್ಟರು ಕಾಗದಾ ತೋರಿಸಿ
ಸಣ್ಣ ದನ್ಯಾಗ ಮಾತಾಡಿದ್ರು,
ಅರ್ಧಾ ತಿಳೀತು, ಉಳಿದರ್ಧಾ ಅವರ ಮಾರಿ ಹೇಳ್ತು.
ರಾತ್ರಿ ಆ ವಾರ್ಡಿನಾಗ ಗಂಡಸರನ್ನ ಬಿಡೂದಿಲ್ಲ.
ಮೆಟ್ಟಲದ ಮ್ಯಾಲ ಕುಂತು ಫೋನ್ ತಗದೆ.
ಬರದೆ, ಅಳಿಸಿದೆ.
ಮತ್ತ ಬರದೆ.
ಅಳಿಸಿದೆ.
ಕಡೀಕ ಅಳಿಯ ಕಳಿಸಿದ್ರಾಗ ಹುಡುಕಿ ತಗದೆ ನನ್ನ ಮಾರಿ,
ಗಳಾ, ಹರದ ಝಾಲರಿ,
‘ಏನೂ ಆಗಿಲ್ರಿ, ಊಟಾ ಮಾಡ್ರಿ’,
ಆಕಿಗೆ ಒಗದೆ.

ಎರಡು ನೀಲಿ ಗೆರಿ.
ಭಾಳ ಹೊತ್ತು ಏನೂ ಇಲ್ಲ.
ಬಲಗೈಗೆ ಸೂಜಿ ಚುಚ್ಚಿದ್ರು,
ಎಡಗೈಲೇ ಒತ್ತಿರಬೇಕು, ಒಂದೊಂದ ಅಕ್ಷರ:

‘ನೀವು ಮಾಡಿದ್ರೇನು?’