ಮೂರನೆಯ ಮೆಟ್ಟಿಲು

ಫ್ರಿಜ್ಜಿನ ಮೇಲೆ ಹೊಸ ಡಾಕ್ಟರಮ್ಮ ಅಂಟಿಸಿದ ಹಾಳೆ:
ಆಟಕ್ಕೆ ಮೂರು ಗಂಟೆ ಮುಂಚೆ ಪಾಸ್ತಾ, ಎಣ್ಣೆ ಕಡಿಮೆ,
ಆಟ ಮುಗಿದ ಅರ್ಧ ಗಂಟೆಯೊಳಗೆ ಹಾಲು, ಬಾಳೆಹಣ್ಣು,
ರಾತ್ರಿ ಹತ್ತರ ಮೇಲೆ ಏನೂ ಕೂಡದು.
ಕೆಳಗೆ ಸಹಿ. ಚೆಂದದ ಅಕ್ಷರ.

ಸುಳ್ಳೇನಲ್ಲ. ನಾನೂ ತೂಗಿಯೇ ಬಡಿಸುತ್ತೇನೆ.
ಆದರೆ ಅವಳು ಐದಕ್ಕೆ ಬಸ್ಸು ಹತ್ತುತ್ತಾಳೆ,
ನಾನು ಇಪ್ಪತ್ತೆರಡು ವರ್ಷದಿಂದ
ಈ ಅಡುಗೆಮನೆಯ ಹಿಂದಿನ ಕೋಣೆಯಲ್ಲೇ ಮಲಗುತ್ತೇನೆ.
ಮೊಂಟೆವಿಡಿಯೊದ ಬಂದರಿನ ಗಾಳಿ ಕಿಟಕಿ ಬಡಿದು ಸುಸ್ತಾದ ಮೇಲೆ,
ಎರಡರ ಹೊತ್ತಿಗೆ,
ಈ ಮನೆಯಲ್ಲಿ ಮೂಳೆಗಳು ಬೆಳೆಯುವುದು ನನಗೆ ಕೇಳಿಸುತ್ತದೆ.

ಮೊದಲು ಮೂರನೆಯ ಮೆಟ್ಟಿಲು ಕಿರುಗುಟ್ಟುತ್ತದೆ.
ಆಮೇಲೆ ಫ್ರಿಜ್ಜಿನ ಬೆಳಕು, ಬೆಳಕಲ್ಲಿ ಒಂದು ಜೊತೆ ಕಾಲು.
ವಿಲ್ಮಾರ್. ಆರ್ತಿಗಾಸಿನ ಗಡಿಯ ಹುಡುಗ, ಗೋಲ್‌ಕೀಪರ್,
ಹದಿನಾಲ್ಕು ವರ್ಷ; ಮಾರ್ಚಿನಿಂದೀಚೆಗೆ ಒಂಬತ್ತು ಸೆಂಟಿಮೀಟರ್.
ಪ್ಯಾಂಟು ಹಿಂದೆ ಉಳಿಯಿತು, ದನಿ ಇನ್ನೂ ದಾರಿಯಲ್ಲಿದೆ,
ಮೊಣಕಾಲ ಕೆಳಗೆ ನಿಂಬೆಹಣ್ಣಿನಷ್ಟು ಬಾವು.
ಒಂದು ಕೈಯಲ್ಲಿ ಐಸಿನ ಚೀಲ,
ಇನ್ನೊಂದರಲ್ಲಿ ಬ್ರೆಡ್ಡು, ಅದರ ಮೇಲೆ
ಬೆರಳುದಪ್ಪ ಮೆಂಬ್ರಿಯೊ ಹಣ್ಣಿನ ಹಲ್ವ.

ನಾನು ಕೆಮ್ಮುವುದಿಲ್ಲ.
ಕೆಮ್ಮಿದರೆ ಅಗಿಯದೆ ನುಂಗುತ್ತಾನೆ.

ಭಾನುವಾರ ಎರಡು ಗೋಲು ಬಿಟ್ಟ.
ಕೋಚ್ ಬಂದು ಕೇಳಿದ: ಜುಲ್ಮಾ, ಇವನಿಗೇನು ಸೀಸ ತಿನ್ನಿಸಿದೆಯಾ?
ಅವನ ಕೈ ಎಲ್ಲಿ ಮುಗಿಯುತ್ತದೆಂದು
ಅವನಿಗೇ ಇನ್ನೂ ಗೊತ್ತಿಲ್ಲ, ಎಂದೆ. ಎರಡು ದಿನ ಮಲಗಲಿ ಬಿಡು.
ಬಿಡಲಿಲ್ಲ. ಸೋಮವಾರ ಕತ್ತಲಿರುವಾಗಲೇ ಓಡಿಸಿದ.

ಡಿಸೆಂಬರಿನಲ್ಲಿ ಗೋಡೆಯ ಮೇಲೆ ಪಟ್ಟಿ ಬೀಳುತ್ತದೆ.
ಹೆಸರಿಲ್ಲದವರು ಅಂದು ಊಟಕ್ಕೆ ಇಳಿಯುವುದಿಲ್ಲ.
ಗೊತ್ತಿದ್ದೂ ತಟ್ಟೆಗಳನ್ನು ಪೂರಾ ಇಡುತ್ತೇನೆ.
ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಟೀವಿಯಲ್ಲಿ ಕಂಡ;
ಅವನಿಗೆ ಹೂಕೋಸು ಸೇರುತ್ತಿರಲಿಲ್ಲ.

ಮೊನ್ನೆ ಯಾರೋ ಬಾಗಿಲಲ್ಲಿ ತಲೆ ತಗ್ಗಿಸಿ ಒಳಬಂದ.
ಬಸ್ ಡ್ರೈವರನ ನೀಲಿ ಅಂಗಿ. ಗುರುತು ಹತ್ತಲಿಲ್ಲ.
ಚೌಕಟ್ಟಿನ ಪೆನ್ಸಿಲ್ ಗೆರೆಗಳ ಮೇಲೆ ಬೆರಳಾಡಿಸಿ
ತನ್ನ ಎದೆಯ ಮಟ್ಟದಲ್ಲಿ ಒಂದನ್ನು ಹಿಡಿದ.
ಇದು ನಾನು, ಅಂದ. ಚನ್ನಂಗಿ ಬೇಳೆ ಇದೆಯಾ?
ಇತ್ತು. ಎರಡು ಸಲ ಕೇಳಿ ಹಾಕಿಸಿಕೊಂಡ.
ಮೂರನೆಯ ಸಲ ನಾನು ಅವನ ಬಾಯಿ ಕಾಯಲಿಲ್ಲ.

ಹಾಳೆ ಹಾಗೇ ಇದೆ, ಕಿತ್ತಿಲ್ಲ.
ಬೇಯಿಸಿ ಸುಲಿದ ಮೊಟ್ಟೆ ನಾಲ್ಕು, ಹಾಲು,
ಎಲ್ಲವನ್ನೂ ಕೈಗೆ ಸಿಗುವಂತೆ ಮುಂದಕ್ಕೆ ಸರಿಸಿದ್ದೇನೆ.
ಸಂಜೆ ಬಡಗಿ ಬಂದಿದ್ದ,
ಆ ಮೆಟ್ಟಿಲಿಗೊಂದು ಮೊಳೆ ಹೊಡೆದುಬಿಡಲೇ, ಎಂದ.
ಬೇಡ, ಎಂದೆ.